ಹುಂಜದ ಪರವಾಗಿ

ಮಾರ್ಚ್ ೨, ಭಾನುವಾರ

ಬಹುಪರಾಕ್! ಹದಿಮೂರು ತಲೆ, ಒಂಬತ್ತು ಕೋಳಿ, ಒಂದೇ ಒಂದು ಬಚ್ಚಲುಮನೆ ಇರುವ ಈ ಮಹಾಸಂಸ್ಥಾನದ ಕೀರ್ತಿಯನ್ನು ದಿಕ್ಕುದಿಕ್ಕಿಗೆ ಸಾರಬೇಕಾದ ಭವಿಷ್ಯತ್ತಿನ ಇತಿಹಾಸಕಾರರೇ, ಸಂಶೋಧಕರೇ, ಪಂಡಿತೋತ್ತಮರೇ, ಮತ್ತು ನನ್ನ ಹಾಸಿಗೆಯಡಿಯಿಂದ ಈ ಪುಸ್ತಕ ಕದ್ದು ಓದುತ್ತಿರುವ ನನ್ನಿಬ್ಬರು ತಮ್ಮಂದಿರೇ (ನಿಮ್ಮ ಕಿವಿ ನನ್ನ ಕೈಗೆ ಸಿಕ್ಕೇ ಸಿಗುತ್ತದೆ), ಎಲ್ಲರೂ ಎದ್ದು ನಿಂತು ಕೇಳುವಂಥವರಾಗಿ!

‘ಕಿತಾಪತಿ’ ಎಂಬ ಬಿರುದಾಂಕಿತಳಾದ ನಾನು, ವಯಸ್ಸು ಹದಿನೈದು, ಇಂದು ಬೆಳಿಗ್ಗೆ ನಮ್ಮ ಹಜಾರದಲ್ಲಿ ಕೂಡಿದ ಮಹಾಸಭೆಯಲ್ಲಿ ಅಪರಾಧಿ ಎಂದು ತೀರ್ಮಾನವಾದೆ. ನನ್ನ ಪರವಾಗಿ ಮಾತಾಡಿದವರು ಯಾರೂ ಇಲ್ಲ. ನನ್ನನ್ನು ಹೆತ್ತ ತಾಯಿ ಕೂಡ ಆ ಹೊತ್ತಿಗೆ ಸರಿಯಾಗಿ ಬಟ್ಟೆ ಮಡಚಲು ಹೋದಳು.

ಅಪರಾಧದ ವಿವರ: ಬುಧವಾರ ಸಂಜೆ ಮನೆಯ ಏಳೂ ಗಡಿಯಾರಗಳ ಮುಳ್ಳನ್ನು ನನ್ನ ಸ್ವಹಸ್ತದಿಂದ ತಿರುಗಿಸಿದೆ. ಹಜಾರದ್ದು ಇಪ್ಪತ್ತು ನಿಮಿಷ ಮುಂದೆ, ಅಡುಗೆಮನೆಯದ್ದು ಹತ್ತು ನಿಮಿಷ ಹಿಂದೆ, ದೊಡ್ಡಪ್ಪನ ಕೈಗಡಿಯಾರ ಐದು ನಿಮಿಷ ಮುಂದೆ. ಹೀಗೆ ಒಂದಕ್ಕೊಂದು ತಾಳೆಯೇ ಆಗದಂತೆ. ಮರುದಿನ ಬೆಳಿಗ್ಗೆ ನಡೆದದ್ದನ್ನು ನೋಡಲು ಎರಡು ಕಣ್ಣು ಸಾಲದು. ಚಿಕ್ಕಪ್ಪ ಹಜಾರದ ಗಡಿಯಾರ ನೋಡಿ ಅಡುಗೆಮನೆಯದ್ದನ್ನು ಸರಿಮಾಡಿದ. ಚಿಕ್ಕಮ್ಮ ಅಡುಗೆಮನೆಯ ಹಳೆಯ ಟೈಮನ್ನು ನೆನಪಿಟ್ಟುಕೊಂಡು ಹಜಾರದ್ದನ್ನು ಸರಿಮಾಡಿದಳು. ಅಪ್ಪ ಇಬ್ಬರನ್ನೂ ನಂಬದೆ ದೊಡ್ಡಪ್ಪನ ಕೈ ಹಿಡಿದು ನೋಡಿ ತನ್ನದನ್ನು ಸರಿಮಾಡಿಕೊಂಡ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯೊಳಗೆ ಏಳು ದೇಶಗಳಿದ್ದವು.

ಇಲ್ಲಿಯವರೆಗೆ ತಮಾಷೆ. ಆದರೆ ಅಕ್ಕನ ಅಲಾರಂ ಇಪ್ಪತ್ತೈದು ನಿಮಿಷ ಹಿಂದಿತ್ತು. ಅಕ್ಕ ಎಂದರೆ ದೊಡ್ಡಪ್ಪನ ಮಗಳು. ಗುರುವಾರ ಬೆಳಿಗ್ಗೆ ಏಳಕ್ಕೆ ಬಸ್ ಡಿಪೋದಲ್ಲಿ ಅವಳಿಗೆ ಚಾಲಕಿ ಕೆಲಸದ ಪರೀಕ್ಷೆಯಿತ್ತು. ಅವಳು ಹೋಗಿ ಮುಟ್ಟುವಾಗ ಗೇಟು ಹಾಕಿ ಏಳು ನಿಮಿಷವಾಗಿತ್ತು. ಮೂರೇ ಅವಕಾಶ ಕೊಡುತ್ತಾರೆ. ಮೊದಲನೆಯದರಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿಸಿದ್ದಳು. ಎರಡನೆಯದನ್ನು ನಾನು ನುಂಗಿದೆ. ಉಳಿದಿರುವುದು ಒಂದು, ಇಪ್ಪತ್ತನಾಲ್ಕನೆಯ ತಾರೀಕಿಗೆ.

ಪರೀಕ್ಷೆ ಅವತ್ತೇ ಎಂದು ನನಗೆ ಗೊತ್ತಿರಲಿಲ್ಲ. ಇದನ್ನು ಹನ್ನೊಂದು ಸಲ ಹೇಳಿದ್ದೇನೆ. ಹನ್ನೆರಡನೆಯ ಸಲ ಇಲ್ಲಿ ಬರೆದಿದ್ದೇನೆ.

ತೀರ್ಪು ಕೊಟ್ಟವನು ಅಜ್ಜ. ಅಜ್ಜ ಮೂವತ್ತೊಂದು ವರ್ಷ ಗಿರಣಿಯಲ್ಲಿ ಸೈರನ್ ಎಳೆದವನು. ಅವನ ಕೈ ಕೆಳಗಿಳಿದರೆ ಊರೇ ಏಳುತ್ತಿತ್ತು, ಊರೇ ಊಟಕ್ಕೆ ಕೂರುತ್ತಿತ್ತು. ಈಗ ಕಾಲು ಸೋತಿದೆ, ಕೋಲು ಬಂದಿದೆ, ನಿಮಿಷದ ಲೆಕ್ಕ ಮಾತ್ರ ಇನ್ನೂ ತಲೆಯಲ್ಲೇ ಇದೆ.

“ಇನ್ಮೇಲೆ ಈ ಮನೇಲಿ ಗಡಿಯಾರ ಬೇಡ,” ಎಂದ. “ಗಡಿಯಾರಕ್ಕೆ ಮುಳ್ಳಿದೆ, ಯಾರ ಬೆರಳಿಗಾದ್ರೂ ತಿರುಗುತ್ತೆ. ಹುಂಜಕ್ಕೆ ಗಂಟಲಿದೆ. ಅದನ್ನ ತಿರುಗಿಸೋಕೆ ಈ ಕಿತಾಪತಿ ಕೈಲೂ ಆಗಲ್ಲ. ಮೂರು ವರ್ಷದಿಂದ ನೋಡ್ತಿದೀನಿ, ಬೆಳಿಗ್ಗೆ ಐದು ಅಂದ್ರೆ ಐದು.”

“ರೇಡಿಯೋ ಇದೆಯಲ್ಲಪ್ಪಾ,” ಎಂದ ದೊಡ್ಡಪ್ಪ.

“ಅದು ಬಾಯಿ ಬಿಡೋದೇ ಆರಕ್ಕೆ. ಮೊದಲನೇ ಬಸ್ಸು ಐದೂವರೆಗೆ.”

ಏಳೂ ಗಡಿಯಾರಗಳು ದೊಡ್ಡಮ್ಮನ ಟ್ರಂಕಿನೊಳಗೆ ಬಂಧನಕ್ಕೊಳಗಾದವು. ಬೀಗದಕೈ ಅವಳ ಸೊಂಟದಲ್ಲಿ. ನನಗೆ ಶಿಕ್ಷೆ: ಹುಂಜ ಕೂಗಿದ ಕೂಡಲೇ ಎದ್ದು ಹಿತ್ತಲಿನ ಕೋಳಿಗೂಡಿನ ಸಮಸ್ತ ಸೇವೆ. ಬೆಂಕಿಪೆಟ್ಟಿಗೆಯಷ್ಟು ಸಣ್ಣ ತಪ್ಪಿಗೆ ಕಾಡಿನಷ್ಟು ದೊಡ್ಡ ಶಿಕ್ಷೆ. ಇತಿಹಾಸ ನನ್ನನ್ನು ಬಿಡುಗಡೆ ಮಾಡಲಿ.

ಮಾರ್ಚ್ ೪, ಮಂಗಳವಾರ

ಕೋಳಿಗಳ ಬಗ್ಗೆ ಹೇಳಬೇಕಾದದ್ದು ಇಷ್ಟೇ: ಅವಕ್ಕೆ ಉಪಕಾರಸ್ಮರಣೆ ಇಲ್ಲ.

ಗೂಡಿನ ಹಲಗೆ ಕೆರೆದೆ, ಒದ್ದೆಯಾದ ಹೊಟ್ಟು ಬಳಿದು ತೆಗೆದು ಹೊಸದು ಹಾಸಿದೆ, ನೀರಿನ ಬೋಗುಣಿ ಉಜ್ಜಿದೆ, ನುಚ್ಚು ಎರಚಿದೆ. ಪ್ರತಿಫಲವಾಗಿ ಕಾವಿಗೆ ಕೂತಿರುವ ಕೆಂಚಿ ನನ್ನ ಹೆಬ್ಬೆರಳನ್ನು ಕುಕ್ಕಿದಳು. ಅವಳ ಹೆಸರನ್ನು ತತ್‌ಕ್ಷಣದಿಂದ ಜಾರಿಗೆ ಬರುವಂತೆ ‘ಮುಂಗೋಪಿ’ ಎಂದು ಬದಲಾಯಿಸಿದ್ದೇನೆ.

ಹುಂಜದ ಹೆಸರು ಇನ್ಸ್‌ಪೆಕ್ಟರ್. ಎದೆ ಮುಂದೆ, ಕತ್ತು ಹಿಂದೆ, ಒಂದೊಂದೇ ಹೆಜ್ಜೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು, ನಾನು ಕೆಲಸ ಮಾಡುವುದನ್ನು ಒಂದೇ ಕಣ್ಣಿನಲ್ಲಿ ನೋಡುತ್ತಾನೆ. ಇನ್ನೊಂದು ಕಣ್ಣಿನಲ್ಲಿ ನೋಡುವಷ್ಟು ಯೋಗ್ಯತೆ ನನಗಿಲ್ಲವಂತೆ.

ಚಿಕ್ಕಪ್ಪ ಹೋಟೆಲಿನಲ್ಲಿ ಅಡುಗೆಯವನು. ದಿನಕ್ಕೊಮ್ಮೆ ಬಂದು ಇನ್ಸ್‌ಪೆಕ್ಟರನ ತೊಡೆ ನೋಡಿ ನಿಟ್ಟುಸಿರು ಬಿಡುತ್ತಾನೆ. “ಕೂಗೋವರೆಗೂ ಅವನು ಸರ್ಕಾರಿ ನೌಕರ ಕಣೇ. ಕೂಗು ನಿಂತ ದಿನ ನನ್ನ ಒಲೆಗೆ ವರ್ಗಾವಣೆ.”

ಮಾರ್ಚ್ ೫, ಬುಧವಾರ

ಅಕ್ಕ ಇಂದೂ ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ನನ್ನ ಹತ್ತಿರ ಒಳ್ಳೊಳ್ಳೆಯ ಉತ್ತರಗಳು ಸಿದ್ಧವಾಗಿದ್ದವು. ಎಲ್ಲ ಹಾಳಾದವು.

ಮಾರ್ಚ್ ೮, ಶನಿವಾರ

ಅರ್ಧ ದಿನ ಶಾಲೆ. ಮನೆಯಲ್ಲಿ ಅಜ್ಜ ಮಲಗಿದ್ದ, ಉಳಿದವರೆಲ್ಲ ಹೊರಗೆ. ಮಧ್ಯಾಹ್ನ ವಿಶೇಷವೇನೂ ನಡೆಯಲಿಲ್ಲ. ಖಂಡಿತವಾಗಿಯೂ ನಡೆಯಲಿಲ್ಲ.

ಮಾರ್ಚ್ ೯, ಭಾನುವಾರ

ಓ ಇತಿಹಾಸವೇ, ಇಂದು ನಿನ್ನ ಪುಟ ಹರಿಯುವುದರಲ್ಲಿತ್ತು, ಹೊಲಿದವಳು ನಾನು.

ನಾನು ಮಲಗುವುದು ಹಿತ್ತಲ ಬಾಗಿಲಿನ ಪಕ್ಕದ ಕೋಣೆಯಲ್ಲಿ. ಗೋಡೆಯಾಚೆ ಅಜ್ಜನ ಮಂಚ. ಬೆಳಗಿನ ಜಾವ ಅಜ್ಜ ಎದ್ದು ಕೋಲು ಹುಡುಕುವಾಗ ಅದು ಗೋಡೆಗೆ ತಗಲುತ್ತದೆ, ಟಕ್ ಟಕ್. ಅದರ ಹಿಂದೆಯೇ ಇನ್ಸ್‌ಪೆಕ್ಟರನ ಕೂಗು. ಇವತ್ತು ಟಕ್ ಟಕ್ ಬಂತು. ಕೂಗು ಬರಲಿಲ್ಲ.

ಹೋಗಿ ನೋಡಿದರೆ ಇನ್ಸ್‌ಪೆಕ್ಟರ್ ಕಲ್ಲಿನ ಮೇಲೆ ನಿಂತಿದ್ದಾನೆ. ಎದೆ ಉಬ್ಬಿಸಿದ, ಕತ್ತು ನೀಡಿದ, ಕೊಕ್ಕು ಅಗಲಿಸಿದ. ಬಂದದ್ದು ಸೈಕಲ್ ಪಂಪಿನ ಸದ್ದು. ಇನ್ನೊಮ್ಮೆ. ಎಣ್ಣೆ ಕಾಣದ ಬಾಗಿಲಿನ ಸದ್ದು. ಆಮೇಲೆ ನನ್ನನ್ನು ಎರಡೂ ಕಣ್ಣಿನಿಂದ ನೋಡಿದ.

ಒಳಗೆ ಹನ್ನೆರಡು ಜನ ಅವನ ಮೇಲೆ ಭರವಸೆಯಿಟ್ಟು ಮಲಗಿದ್ದಾರೆ. ವಿಷಯ ಹೊರಬಿದ್ದರೆ ಅವನು ಚಿಕ್ಕಪ್ಪನ ಒಲೆಗೆ ಹೋಗುತ್ತಾನೆ. ಅಷ್ಟೇ ಆದರೆ ಸರಿ. ಗಡಿಯಾರ ಕೆಡಿಸಿದವಳ ಕೈಗೆ ಹುಂಜ ಕೊಟ್ಟರೆ ಒಂದೇ ವಾರದಲ್ಲಿ ಅದೂ ಕೆಟ್ಟಿತು ಎಂದಾಗುತ್ತದೆ. ಅಕ್ಕ ಅದನ್ನು ಕೇಳಿ ಒಂದು ಮಾತೂ ಆಡದೆ ತಟ್ಟೆ ತೊಳೆಯಲು ಹೋಗುತ್ತಾಳೆ. ಆ ಬೆನ್ನನ್ನು ನಾನು ಮತ್ತೊಮ್ಮೆ ನೋಡಲಾರೆ. ಅಂದರೆ, ಆಡಳಿತದ ದೃಷ್ಟಿಯಿಂದ ಅದು ಸೂಕ್ತವಲ್ಲ.

ಆದ್ದರಿಂದ ಗೂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಮೂಗು ಹಿಡಿದುಕೊಂಡೆ. ಕೂಗಿದೆ.

ಕೊಕ್ಕೊಕ್ಕೋ...

ಈ ವಿದ್ಯೆಯನ್ನು ನಾನು ಎಲ್ಲಿ ಕಲಿತೆ ಎನ್ನುವುದು ಇತಿಹಾಸಕ್ಕೆ ಅನಗತ್ಯ.

ಒಳಗೆ ದೀಪ ಹತ್ತಿತು. ದೊಡ್ಡಮ್ಮನ ಬಳೆ ಸದ್ದಾಯಿತು. ಬಚ್ಚಲುಮನೆಯ ಬಾಗಿಲು ಕಿರ್ರೆಂದಿತು. ನನ್ನ ಒಂದು ಕೂಗಿಗೆ ಹನ್ನೆರಡು ಜನ ಎದ್ದರು! ಅಜ್ಜ ಮೂವತ್ತೊಂದು ವರ್ಷ ಸೈರನ್ ಯಾಕೆ ಬಿಡಲಿಲ್ಲ ಎನ್ನುವುದು ನನಗೆ ಈಗ ಅರ್ಥವಾಯಿತು.

ಮಾರ್ಚ್ ೧೧, ಮಂಗಳವಾರ

ಪ್ರಥಮ ವಿಮರ್ಶೆಗಳು ಬಂದಿವೆ.

ದೊಡ್ಡಪ್ಪ ಹಲ್ಲುಜ್ಜುತ್ತಾ: “ಈ ಹುಂಜದ ಕೂಗು ಯಾಕೋ ಬದಲಾಗಿದೆ. ಕೊನೇಲಿ ಬಿಕ್ಕಳಿಕೆ ಥರ ಒಂದು ಬಾಲ ಬರ್ತಿದೆಯಲ್ಲ?”

ಅಮ್ಮ: “ವಯಸ್ಸಾಯ್ತು ಅದಕ್ಕೆ.”

ಚಿಕ್ಕಪ್ಪ: “ವಯಸ್ಸಾದ್ರೆ ಬೇಯೋಕೆ ಹೊತ್ತು ಹಿಡಿಯುತ್ತೆ. ಬೇಗ ತೀರ್ಮಾನ ಮಾಡಿ.”

ಅಜ್ಜ ಚಹಾ ಊದುತ್ತಾ: “ಬಾಲ ಇದ್ರೆ ಇರ್ಲಿ. ಟೈಮಿಗೆ ಕೂಗ್ತಿದೆಯೋ ಇಲ್ವೋ? ನಿನ್ನೆ ಎರಡು ನಿಮಿಷ ಲೇಟು. ಇವತ್ತು ಪರವಾಗಿಲ್ಲ.”

ನಾನು ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದೆ. ಕಲಾವಿದರಿಗೆ ವಿನಯ ಮುಖ್ಯ. ಆದರೆ ಬಾಲ ಎಂಬ ಮಾತು ಅನ್ಯಾಯದ್ದು. ಅದು ಬಾಲವಲ್ಲ, ನನಗೆ ಉಸಿರು ಸಾಲುವುದಿಲ್ಲ ಅಷ್ಟೇ.

ಅಂದಹಾಗೆ ಇವತ್ತು ಗೋಡೆಗೆ ಕೋಲು ಮೂರು ಸಲ ತಗುಲಿತು. ಮೂರನೆಯದು ಸ್ವಲ್ಪ ಜೋರಾಗಿಯೇ. ಅಜ್ಜನ ಕೈ ನಡುಗುತ್ತಿರಬೇಕು, ಪಾಪ.

ಮಾರ್ಚ್ ೧೪, ಶುಕ್ರವಾರ

ಕೂಗಿದ ಮೇಲೆ ಮತ್ತೆ ನಿದ್ದೆ ಬರುವುದಿಲ್ಲ. ಬೇರೆ ಕೆಲಸವಿಲ್ಲದೆ ಗೂಡಿನ ಬಾಗಿಲು ತೆಗೆಯುತ್ತೇನೆ. ಅವು ಹೊರಬರುವುದಕ್ಕೂ ಒಂದು ಕ್ರಮವಿದೆ, ನಮ್ಮ ಬಚ್ಚಲುಮನೆಯ ಸರದಿಯ ಹಾಗೆ. ಮೊದಲು ಬಿಳಿಯ ಹಿರಿಯಳು, ಅವಳ ಹಿಂದೆ ಚುಕ್ಕಿಯವಳು, ಕೊನೆಯಲ್ಲಿ ಗಿಡ್ಡಿ. ಗಿಡ್ಡಿಯನ್ನು ಉಳಿದವರು ನುಚ್ಚಿನ ಹತ್ತಿರ ಬಿಡುವುದಿಲ್ಲ, ಅದಕ್ಕೆ ಅವಳಿಗೆ ಬೇರೆ ತೆಂಗಿನ ಚಿಪ್ಪಿನಲ್ಲಿ ಹಾಕುತ್ತೇನೆ. ಮುಂಗೋಪಿ ಕಾವು ಬಿಟ್ಟು ಏಳುವುದು ದಿನಕ್ಕೆ ಒಂದೇ ಸಲ, ಅಷ್ಟರಲ್ಲಿ ಅವಳ ನೀರು ತಣ್ಣಗಿರಬೇಕು. ಇನ್ಸ್‌ಪೆಕ್ಟರನಿಗೆ ಬೆಚ್ಚಗಿನ ನೀರು ಕೊಡುತ್ತಿದ್ದೇನೆ, ಗಂಟಲಿಗೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಪುಟ ತುಂಬಲಿ ಎಂದು.

ಸಂಜೆ ಅಕ್ಕ ಹಿತ್ತಲಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಕೈಯಲ್ಲಿ ಊಟದ ತಟ್ಟೆ, ಅದು ಸ್ಟೀರಿಂಗು. ಮುಂದೆ ಮೂರು ಇಟ್ಟಿಗೆ, ಅವು ಕ್ಲಚ್ಚು, ಬ್ರೇಕು, ಆ್ಯಕ್ಸಿಲರೇಟರು. ಬಾಯಲ್ಲಿ ಇಂಜಿನ್ನು. ಹಿಂದಕ್ಕೆ ತೆಗೆಯುವುದನ್ನೇ ಅಭ್ಯಾಸ ಮಾಡುತ್ತಿದ್ದಳು. ಭುಜದ ಮೇಲಿಂದ ತಿರುಗಿ ನೋಡುವುದು, ತಟ್ಟೆ ತಿರುಗಿಸುವುದು, ಮತ್ತೆ ನೋಡುವುದು.

ನಾನು ಸರಿಯಾಗಿ ಅವಳ ಹಿಂದೆ ಹೊಟ್ಟಿನ ಬುಟ್ಟಿ ಹೊತ್ತು ಹೋಗುತ್ತಿದ್ದೆ. ಅಕ್ಕ ಚುಕ್ಕಿಯವಳ ಕಡೆ ನೋಡಿ ಹೇಳಿದಳು: “ಏ ಕೋಳಿ, ಹಿಂದೆ ಯಾರೋ ಬುಟ್ಟಿ ಹಿಡ್ಕೊಂಡು ಬಸ್ಸಿನ ಚಕ್ರಕ್ಕೆ ಬೀಳ್ತಿದಾರೆ. ಪಕ್ಕಕ್ಕೆ ಸರೀಬೇಕಂತೆ ಅಂತ ಹೇಳು.”

ನಾನೂ ಚುಕ್ಕಿಯವಳಿಗೇ ಹೇಳಿದೆ: “ಚಾಲಕಿ ಹಾರನ್ ಹೊಡೆದ್ರೆ ಸರೀತೀನಿ ಅಂತ ಹೇಳು.”

“ಪಾಂ,” ಎಂದಳು ಅಕ್ಕ, ನಗದೆ.

ಸರಿದೆ. ಹದಿನೈದು ದಿನಗಳಲ್ಲಿ ನಮ್ಮ ಮೊದಲ ಮಾತುಕತೆ, ಮಧ್ಯವರ್ತಿಯ ಮೂಲಕ. ಚುಕ್ಕಿಯವಳಿಗೆ ಹಿಡಿ ನುಚ್ಚು ಜಾಸ್ತಿ ಹಾಕಿದೆ. ರಾಯಭಾರಿಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು.

ಮಾರ್ಚ್ ೧೮, ಮಂಗಳವಾರ

ಗಂಟಲು ಕೆರೆಯುತ್ತಿದೆ.

ಮಾರ್ಚ್ ೨೦, ಗುರುವಾರ

ಏಳು ಮರಿ. ಒಂದರ ಚಿಪ್ಪು ಅಂಟಿಕೊಂಡಿತ್ತು, ಮುಂಗೋಪಿಯೇ ಬಿಡಿಸಿದಳು. ನನ್ನನ್ನು ಕುಕ್ಕಲಿಲ್ಲ.

ಮಾರ್ಚ್ ೨೨, ಶನಿವಾರ

ಅಪಾಯ! ಇವತ್ತು ಬೆಳಿಗ್ಗೆ ಕೂಗುತ್ತಿರುವಾಗಲೇ ಚಿಕ್ಕಪ್ಪ ಹಿತ್ತಲ ಬಾಗಿಲು ತೆಗೆದ. ನಾನು ‘ಕೊಕ್ಕೊಕ್’ ವರೆಗೆ ಬಂದಿದ್ದೆ. ‘ಕೋ’ ಬಾಕಿ. ಅರ್ಧ ಕೂಗು ಬಿಟ್ಟು ಎದ್ದರೆ ಸಿಕ್ಕಿಬೀಳುತ್ತೇನೆ, ಪೂರ್ತಿ ಮಾಡಿದರೂ ಸಿಕ್ಕಿಬೀಳುತ್ತೇನೆ.

ಆಗ ಇನ್ಸ್‌ಪೆಕ್ಟರ್, ಆ ಮಹಾನುಭಾವ, ಕಲ್ಲಿನ ಮೇಲೆ ಕತ್ತು ನೀಡಿ ಕೊಕ್ಕು ಅಗಲಿಸಿದ. ಸದ್ದಿಲ್ಲ. ನಾನು ಗೂಡಿನ ಹಿಂದಿನಿಂದ ‘ಕೋ’ ಸೇರಿಸಿದೆ, ಬಾಲಸಮೇತ.

“ಒಳ್ಳೇ ದನಿ ಇದೆ ಇನ್ನೂ,” ಎಂದ ಚಿಕ್ಕಪ್ಪ ಬೇಸರದಿಂದ, ಒಳಗೆ ಹೋದ.

ಅವನು ಹೋದ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಯಾವ ಇನ್ಸ್‌ಪೆಕ್ಟರಿಗೂ ಇಷ್ಟು ಹತ್ತಿರವಾಗಿ ಕೆಲಸ ಮಾಡಿದ್ದಿಲ್ಲ.

ಮಾರ್ಚ್ ೨೩, ಭಾನುವಾರ

ನಾಳೆ ಅಕ್ಕನ ಪರೀಕ್ಷೆ. ನನ್ನ ದನಿ ಡಬ್ಬಿಯೊಳಗೆ ಕಲ್ಲು ಅಲುಗಾಡಿಸಿದ ಹಾಗಿದೆ. ಅಮ್ಮ “ಶಾಲೇಲಿ ಏನು ಕಿರುಚ್ತೀಯೇ?” ಎಂದು ಕೇಳಿದಳು. ಬಿಸಿನೀರು ಕುಡಿದೆ, ಉಪ್ಪುನೀರಿನಲ್ಲಿ ಗಂಟಲು ತೊಳೆದೆ, ಮಾತು ನಿಲ್ಲಿಸಿದೆ. ನಾನು ಮಾತು ನಿಲ್ಲಿಸಿದ್ದರಿಂದ ಮನೆಯವರೆಲ್ಲ ಹೆದರಿ, ಏನೋ ದೊಡ್ಡದೊಂದು ಮಾಡಲಿದ್ದೇನೆಂದು ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಚಪ್ಪಲಿ, ಎಲ್ಲ ಪರೀಕ್ಷಿಸಿ ನೋಡಿಕೊಂಡರು. ನಂಬಿಕೆಯಿಲ್ಲದ ಜನ.

ಸಂಜೆ ಅಕ್ಕ ತನ್ನ ಕಾಗದಪತ್ರಗಳನ್ನು ಚೀಲಕ್ಕೆ ಹಾಕಿ, ತೆಗೆದು, ಮತ್ತೆ ಹಾಕಿದಳು. ಗಡಿಯಾರ ಇರುತ್ತಿದ್ದ ಖಾಲಿ ಮೊಳೆಯನ್ನು ನೋಡಿದಳು. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಇನ್ಸ್‌ಪೆಕ್ಟರನಿಗೆ ಕೈ ಮುಗಿದಳು. “ನಾಳೆ ಒಂದು ದಿನ ಮರೀಬೇಡ ಮಾರಾಯಾ.”

ನಾನು ಗೂಡಿನ ಹಿಂದಿದ್ದೆ. ಅವಳಿಗೆ ಕಾಣಲಿಲ್ಲ.

ಮಾರ್ಚ್ ೨೪, ಸೋಮವಾರ

ಸಾವಧಾನವಾಗಿ ಬರೆಯುತ್ತೇನೆ. ಬರೆಯಲೇಬೇಕು, ಯಾಕೆಂದರೆ ನನಗೆ ಮಾತಾಡಲು ಆಗುತ್ತಿಲ್ಲ.

ಗೋಡೆಗೆ ಟಕ್ ಟಕ್ ಆಗುವ ಮೊದಲೇ ಎಚ್ಚರವಿತ್ತು. ಆದ ಕೂಡಲೇ ಓಡಿದೆ. ಕೂತೆ, ಮೂಗು ಹಿಡಿದೆ, ಬಾಯಿ ತೆಗೆದೆ. ಗಾಳಿ ಬಂತು. ಇನ್ನೊಮ್ಮೆ. ಸೈಕಲ್ ಪಂಪು. ಕಲ್ಲಿನ ಮೇಲೆ ಇನ್ಸ್‌ಪೆಕ್ಟರನೂ ಕತ್ತು ನೀಡಿದ್ದ. ಅವನದೂ ಗಾಳಿ. ಹಿತ್ತಲಲ್ಲಿ ಎರಡು ಹುಂಜ, ಒಂದಕ್ಕೂ ಗಂಟಲಿಲ್ಲ. ಒಳಗೆ ದೀಪವಿಲ್ಲ, ಬಳೆಯ ಸದ್ದಿಲ್ಲ.

ನಾಟಕ ಸಾಕು ಎನಿಸಿತು. ನೇರವಾಗಿ ಅಕ್ಕನ ಕೋಣೆಗೆ ಹೋಗಿ ಅವಳ ಭುಜ ಅಲುಗಾಡಿಸಿದೆ.

“ಅಕ್ಕಾ, ಏಳು. ಐದಾಯ್ತು,” ಎಂದೆ. ಬಂದದ್ದು ಬರೀ ಪಿಸುಗುಟ್ಟಿದ ಹಾಗೆ.

ಅವಳು ಒಂದು ಕಣ್ಣು ತೆರೆದಳು. ನನ್ನನ್ನು ಗುರುತಿಸಿದಳು. ಮುಚ್ಚಿದಳು.

“ಹೋಗೇ. ಹುಂಜ ಇನ್ನೂ ಕೂಗಿಲ್ಲ.”

“ಕೂಗಲ್ಲ ಅದು. ಏಳೇ ಅಕ್ಕಾ.”

“ಇವತ್ತೂ ಶುರು ಮಾಡಿದ್ಯಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಹೋದ ವರ್ಷ ‘ನಲ್ಲೀಲಿ ನೀರು ಬಂತು’ ಅಂತ ಮನೆಯವರನ್ನೆಲ್ಲ ಬಿಂದಿಗೆ ಹಿಡ್ಕೊಂಡು ಓಡಿಸಿದ್ದೆ. ಆಮೇಲೆ ಗಡಿಯಾರ. ಇವತ್ತೊಂದು ದಿನ ಬಿಟ್ಟುಬಿಡು. ನಿನ್ನ ದಮ್ಮಯ್ಯ.”

ಪಕ್ಕದಿಂದ ದೊಡ್ಡಮ್ಮ ಮುಸುಕಿನೊಳಗಿಂದಲೇ ಗದರಿದಳು: “ಕಿತಾಪತಿ, ಮಲಗ್ತೀಯೋ ಇಲ್ಲ ಟ್ರಂಕಿಗೆ ಹಾಕ್ಲೋ?”

ನನ್ನ ಹತ್ತಿರ ಸಾಕ್ಷಿಯಿಲ್ಲ. ಮನೆಯಲ್ಲಿ ಗಡಿಯಾರವಿಲ್ಲ, ಇಲ್ಲದಂತೆ ಮಾಡಿದವಳೇ ನಾನು. ನಿಜ ಹೇಳುವುದಕ್ಕೂ ಅಭ್ಯಾಸ ಬೇಕು ಎನ್ನುವುದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳುವುದು ನಿಜವೆಂದು ತೋರಿಸಲು ನನ್ನಲ್ಲಿ ಇದ್ದದ್ದು ಒಂದೇ.

ಅಕ್ಕನ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಮೂಗು ಹಿಡಿದುಕೊಂಡೆ. ಇದ್ದ ಬದ್ದ ಉಸಿರನ್ನೆಲ್ಲ ಹಾಕಿದೆ.

ಕೂಗು ಬರಲಿಲ್ಲ. ಬಾಲ ಬಂತು. ಬರೀ ಬಾಲ. ಆ ಬಿಕ್ಕಳಿಕೆ.

ಅಕ್ಕ ಎದ್ದು ಕೂತಳು. ದೀಪ ಹಾಕಿದಳು. ನನ್ನ ಕೂದಲಿನ ಹೊಟ್ಟು ನೋಡಿದಳು, ಕೈಯಲ್ಲಿ ಅಂಟಿದ್ದ ಪುಕ್ಕ ನೋಡಿದಳು, ಕಾಲಿನ ಕೆಸರು ನೋಡಿದಳು.

“ಅದು ನೀನಾ?” ಎಂದಳು. “ಇಷ್ಟು ದಿನ?”

ತಲೆಯಾಡಿಸಿದೆ.

“ದಿನಾ?”

ಮತ್ತೆ ತಲೆಯಾಡಿಸಿದೆ. ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಅಜ್ಜ. ಅಂಗಿಯ ಗುಂಡಿಯೆಲ್ಲ ಹಾಕಿಕೊಂಡು, ತಲೆ ಬಾಚಿಕೊಂಡು, ಕೆಲಸಕ್ಕೆ ಹೊರಟವನ ಹಾಗೆ ನಿಂತಿದ್ದ.

“ಏನು, ಇವತ್ತು ಹುಂಜಕ್ಕೆ ರಜಾನಾ?” ಎಂದ. “ಐದು ದಾಟಿ ಆರು ನಿಮಿಷ ಆಯ್ತು. ಮಾತಾಡ್ಕೊಂಡು ಕೂತ್ರೆ ಬಸ್ಸು ಕಾಯಲ್ಲ.”

“ಅಜ್ಜಾ, ನಿನಗೆ ಗೊತ್ತಿತ್ತಾ?” ಎಂದಳು ಅಕ್ಕ.

“ಮೂವತ್ತೊಂದು ವರ್ಷ ಊರನ್ನ ಎಬ್ಬಿಸಿದವನಿಗೆ ಹುಂಜ ಯಾವುದು, ಮೊಮ್ಮಗಳು ಯಾವುದು ಅಂತ ಗೊತ್ತಾಗಲ್ವಾ? ಮೊದಲನೇ ದಿನ ಮೂರು ನಿಮಿಷ ಲೇಟಾಗಿ ಕೂಗಿದ್ಲು. ಆಮೇಲೆ ಗೋಡೆ ತಟ್ಟಿ ತಟ್ಟಿ ಸರಿಮಾಡ್ದೆ.”

ಟಕ್ ಟಕ್! ನಡುಗುವ ಕೈಯಂತೆ! ನನ್ನಂಥ ಮಹಾಮೋಸಗಾತಿಗೆ ಈ ಮುದುಕ ಹದಿನೈದು ದಿನ ಮೋಸ ಮಾಡಿದ್ದಾನೆ. ರಕ್ತದಲ್ಲೇ ಬಂದಿರಬೇಕು.

ಆಮೇಲೆ ನಡೆದದ್ದು ಸಂಸ್ಥಾನದ ದಂಡಯಾತ್ರೆ. ಬಚ್ಚಲುಮನೆಯ ಸರದಿಯನ್ನು ಅಜ್ಜ ರದ್ದು ಮಾಡಿದ, ಅಕ್ಕ ಮೊದಲು. ಅಮ್ಮ ತಲೆ ಬಾಚಿದಳು, ಚಿಕ್ಕಮ್ಮ ಬುತ್ತಿ ಕಟ್ಟಿದಳು, ಚಿಕ್ಕಪ್ಪ ಷೂ ಒರೆಸಿದ, ದೊಡ್ಡಪ್ಪ ‘ಕಾಗದ ಇಟ್ಟುಕೊಂಡ್ಯಾ’ ಎಂದು ಆರು ಸಲ ಕೇಳಿದ. ಐದು ಇಪ್ಪತ್ತೈದಕ್ಕೆ ಬೀದಿಯ ತಿರುವಿನಲ್ಲಿ ಹನ್ನೆರಡು ಜನ ಮತ್ತು ಒಂದು ಕೋಲು. ಬಸ್ಸು ಬಂದಾಗ ಕಂಡಕ್ಟರು ಗಾಬರಿಯಾದ. “ಎಷ್ಟು ಜನ ಹತ್ತೋರು?”

“ಒಬ್ಬಳೇ,” ಎಂದಳು ದೊಡ್ಡಮ್ಮ. “ಮುಂದಿನ ತಿಂಗಳಿಂದ ಇವಳೇ ಓಡಿಸ್ತಾಳೆ.”

ಅಕ್ಕ ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿದಳು. ಈ ಸಲ ಚುಕ್ಕಿಯವಳು ಅಲ್ಲಿರಲಿಲ್ಲ, ನೇರವಾಗಿಯೇ ಮಾತಾಡಬೇಕಾಯಿತು.

“ಬಿಸಿನೀರು ಕುಡಿ,” ಎಂದಳು. “ಮತ್ತೆ ಮಾತಾಡಬೇಡ. ಬಂದ ಮೇಲೆ ಬೈತೀನಿ. ತುಂಬಾ ಇದೆ ಬೈಯೋದು.”

ಇಷ್ಟು ಒಳ್ಳೆಯ ಮಾತನ್ನು ನನಗೆ ಯಾರೂ ಹೇಳಿದ್ದಿಲ್ಲ.

ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ (ಅಜ್ಜನ ಲೆಕ್ಕ) ಬೀದಿಯ ತುದಿಯಲ್ಲಿ ಅಕ್ಕ ಕಾಣಿಸಿದಳು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಬಾಗಿಲಿಗೆ ಬಂದು ಚೀಲ ಇಳಿಸಿ, ಅಜ್ಜನ ಮುಂದೆ ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಇಲ್ಲದ ಸ್ಟೀರಿಂಗ್ ಹಿಡಿದು, ಭುಜದ ಮೇಲಿಂದ ತಿರುಗಿ ನೋಡಿ, ಹಿಂದಕ್ಕೆ, ಹಿಂದಕ್ಕೆ, ಹಿಂದಕ್ಕೆ ತೆಗೆದು ನಿಲ್ಲಿಸಿದಳು.

“ಕಂಬಕ್ಕೂ ಬಸ್ಸಿಗೂ ಮಧ್ಯೆ ಒಂದು ಗೇಣು,” ಎಂದಳು. “ಪಾಸು.”

ಆಗ ಎದ್ದ ಗದ್ದಲಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಓಡಿಬಂದರು. ಅಜ್ಜ ಎದ್ದು ನಿಂತು, ಕೋಲನ್ನು ಗೋಡೆಗೊರಗಿಸಿ, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ, ಏನನ್ನೋ ಹಿಡಿದವನ ಹಾಗೆ ನಿಧಾನವಾಗಿ ಕೆಳಕ್ಕೆ ಎಳೆದ. ಸದ್ದು ಬರಲಿಲ್ಲ. ಆದರೆ ನಮಗೆಲ್ಲ ಕೇಳಿಸಿತು.

ಮಾರ್ಚ್ ೨೭, ಗುರುವಾರ

ಬಹುಪರಾಕ್, ಬಹುಪರಾಕ್!

ಇಂದು ಸಂಜೆ ಹಜಾರದಲ್ಲಿ ಮತ್ತೊಮ್ಮೆ ಮಹಾಸಭೆ ಕೂಡಿತು. ಏಳೂ ಗಡಿಯಾರಗಳಿಗೆ ಬಿಡುಗಡೆಯಾಯಿತು. ದೊಡ್ಡಮ್ಮ ಸೊಂಟದಿಂದ ಕೀಲಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು.

“ಇನ್ಮೇಲೆ ಈ ಮನೆಯ ಗಡಿಯಾರಗಳಿಗೆಲ್ಲ ನೀನೇ ಕೀ ಕೊಡೋದು, ನೀನೇ ಟೈಮ್ ಇಡೋದು,” ಎಂದಳು. “ಅಜ್ಜನ ಅಪ್ಪಣೆ.”

“ಕಳ್ಳನ ಕೈಗೆ ಬೀಗದಕೈ,” ಎಂದ ಚಿಕ್ಕಪ್ಪ.

“ಹದಿನೈದು ದಿನ ಒಂದು ದಿನವೂ ತಪ್ಪಿಸಲಿಲ್ಲ ಅವಳು,” ಎಂದ ಅಜ್ಜ. “ಗಿರಣಿಯಲ್ಲಿ ನನ್ನ ಕೈಕೆಳಗಿದ್ದ ಯಾವನೂ ಹಾಗೆ ಮಾಡಲಿಲ್ಲ. ಹುಂಜದ ಗಂಟಲು ಕೆಟ್ಟಾಗ ಮನೆ ನಿಂತಿದ್ದು ಇವಳ ಗಂಟಲಿನ ಮೇಲೆ. ಬರ್ಕೊಳ್ಳಿ ಬೇಕಾದ್ರೆ.”

ಬರೆದುಕೊಂಡಿದ್ದೇನೆ. ಅಕ್ಕ ಎಲ್ಲರ ಮುಂದೆ ನನ್ನ ತಲೆಯ ಮೇಲೆ ಕೈಯಿಟ್ಟು, ತನ್ನ ಮೊದಲ ಬಸ್ಸಿನ ಮೊದಲ ಸೀಟು ನನಗೇ ಎಂದಳು. ಅಪ್ಪ ಕಣ್ಣು ಒರೆಸಿಕೊಂಡು, ಧೂಳು ಎಂದ. ಏಳು ಗಡಿಯಾರಗಳನ್ನೂ ಒಂದೇ ಸಮಯಕ್ಕೆ ಇಟ್ಟೆ. ಕೋಲಿನ ಸದ್ದು ಕೇಳಿ, ಅಜ್ಜನನ್ನೇ ಕೇಳಿ, ಸೆಕೆಂಡಿಗೆ ಸೆಕೆಂಡು. ಆರಕ್ಕೆ ಗಂಟೆ ಹೊಡೆಯುವವೆಲ್ಲ ಒಟ್ಟಿಗೆ ಹೊಡೆದವು. ಇಡೀ ಮನೆ ನಿಂತು ಕೇಳಿತು. ನನ್ನ ಎದೆಯಲ್ಲಿ ಜಾಗ ಸಾಲಲಿಲ್ಲ.

ಇವತ್ತು ಮುಂಜಾನೆ ಇನ್ಸ್‌ಪೆಕ್ಟರನಿಗೂ ದನಿ ಬಂದಿದೆ. ಒಂದೇ ಒಂದು ಕೂಗು, ಸಣ್ಣದು. ಕೊನೆಯಲ್ಲಿ ಬಾಲ. ಎಲ್ಲಿ ಕಲಿತನೋ.

ಕಲಿತದ್ದು ಎಲ್ಲಿ ಎಂಬ ಮಾತು ಬಂದದ್ದರಿಂದ, ಮಾನ್ಯ ಇತಿಹಾಸಕಾರರೇ, ಈ ಪುಸ್ತಕದಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಬೇಕಿದೆ. (ತಮ್ಮಂದಿರು ಇಲ್ಲಿಗೆ ಓದುವುದನ್ನು ನಿಲ್ಲಿಸತಕ್ಕದ್ದು.)

ಮಾರ್ಚ್ ಎಂಟರ ಮಧ್ಯಾಹ್ನ ವಿಶೇಷವೇನೂ ನಡೆಯಲಿಲ್ಲ ಎಂದು ಬರೆದಿದ್ದೆ. ನಡೆದಿತ್ತು. ಬೇಜಾರಾಗಿ, ಹಿತ್ತಲ ಗೋಡೆಯ ಹಿಂದೆ ಅಡಗಿ ಕೂತು ಹುಂಜದ ಹಾಗೆ ಕೂಗಿದೆ. ತನ್ನ ರಾಜ್ಯಕ್ಕೆ ಇನ್ನೊಂದು ಹುಂಜ ಬಂತೆಂದು ಇನ್ಸ್‌ಪೆಕ್ಟರ್ ತಿರುಗಿ ಕೂಗಿದ. ನಾನು ಕೂಗಿದೆ. ಅವನು ಕೂಗಿದ. ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ. ನೂರಾ ಹನ್ನೆರಡನೆಯ ಸಲಕ್ಕೆ ಅವನ ದನಿ ಪಟ್ಟೆಂದು ಒಡೆಯಿತು.

ನಾನು ಗೆದ್ದೆ ಎಂದು ಎರಡೂ ಕೈ ಎತ್ತಿ ಕುಣಿದೆ.